ಭೀಮೆ, ಅಮರ್ಜೆ ಉಳಿಸಿ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಕ್ಕೊತ್ತಾಯ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಇವರಿಗೆ,

5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರೇ ಮೈಕ್ರೋಪ್ಲಾಸ್ಟಿಕ್. ಹೊಳೆಗೆ ಬಿದ್ದ ಚೀಲ, ಬಾಟಲಿ ನಮ್ಮ ಬಿಸಿಲಿಗೆ ಬಿರಿದು ಪುಡಿಯಾಗುತ್ತವೆ. ಆಮೇಲೆ ಅದನ್ನು ಆರಿಸಿ ತೆಗೆಯುವುದು ಯಾರಿಂದಲೂ ಆಗದು. ಇಡಿಯಾಗಿದ್ದಾಗಲೇ ಎತ್ತಿ ಎಂಬುದೇ ನಮ್ಮ ಒತ್ತಾಯ.

1. ಮೊದಲು ಗಾಣಗಾಪುರದ ಸಂಗಮ. ಭೀಮಾ, ಅಮರ್ಜಾ ಕೂಡುವಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಡುತ್ತಾರೆ. ಹತ್ತಿಯಾದರೆ ಕೊಳೆತೀತು. ಪಾಲಿಯೆಸ್ಟರ್ ಸೀರೆ ಕಲ್ಲಿಗೆ, ಜಾಲಿಗೆ ಸಿಕ್ಕಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಎಳೆಗಳೂ ಪ್ಲಾಸ್ಟಿಕ್ಕೇ. ಭಕ್ತಿಗೆ ನಮ್ಮ ಅಡ್ಡಿಯಿಲ್ಲ, ನಾವೂ ಅಲ್ಲೇ ಮೀಯುವವರು. ಮೆಟ್ಟಿಲ ಮೇಲೆಯೇ ಬಟ್ಟೆ ಹಾಕುವ ತೊಟ್ಟಿ ಇಡಿ, ಹುಣ್ಣಿಮೆ ಅಮಾವಾಸ್ಯೆಗೆ ಕಾವಲು ಹಾಕಿ, ಮರುದಿನವೇ ಹೊಳೆ ಬಳಿಯಿಂದ ಸಾಗಿಸಿ. ಸೋಪು, ಶಾಂಪೂವಿನ ಪ್ಲಾಸ್ಟಿಕ್ ಪೊಟ್ಟಣಗಳೂ ಹೊಳೆಗೇ ಬೀಳುತ್ತವೆ. ತೀರ್ಥಕ್ಷೇತ್ರಗಳ ನದಿಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದೆಂದು ಸಚಿವ ಈಶ್ವರ ಖಂಡ್ರೆಯವರು 2025ರ ಮಾರ್ಚ್‌ನಲ್ಲಿ ಸೂಚಿಸಿದ್ದರು. ಅದು ಗಾಣಗಾಪುರದಲ್ಲೂ ಭೀಮಾ ದಂಡೆಯ ಇನ್ನೊಂದು ಕ್ಷೇತ್ರ ಘತ್ತರಗಿಯಲ್ಲೂ ಜಾರಿಯಾಗಲಿ.

2. ಹನಿ ನೀರಾವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಸಂತೋಷ. ಹಳೆಯ ಪೈಪು, ಹೊಲಕ್ಕೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆ ಎಲ್ಲಿ ಹಾಕಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಬದುವಿನಲ್ಲಿ ಬಿಟ್ಟರೆ ಮಳೆಗೆ ಹಳ್ಳ ಸೇರುತ್ತದೆ, ಸುಟ್ಟರೆ ಹೊಗೆ ನಮ್ಮ ಮಕ್ಕಳ ಎದೆಗೆ. ಮಾರಿದ ಕಂಪನಿಯೇ ವಾಪಸು ಪಡೆಯಬೇಕು. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲೂ ಸಂಗ್ರಹಕ್ಕೆ ಜಾಗ ಬೇಕು.

3. ಕುಡಿಯುವ ನೀರಿನ ರಾಷ್ಟ್ರೀಯ ಮಾನದಂಡದಲ್ಲಿ ಮೈಕ್ರೋಪ್ಲಾಸ್ಟಿಕ್ಕಿಗೆ ಮಿತಿಯೇ ಇಲ್ಲ. ಹಾಗೆಂದು ಪರೀಕ್ಷೆಯನ್ನೇ ಬಿಡಬೇಕೆ? ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಕಡಗಂಚಿಯಲ್ಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಅದರ ಜೊತೆಗೂಡಿ ಅಮರ್ಜಾ ಜಲಾಶಯ, ಸಂಗಮ, ಸೊನ್ನ ಬ್ಯಾರೇಜು, ಕಟ್ಟಿ ಸಂಗಾವಿ ಸೇತುವೆ ಬಳಿಯ ನೀರು, ಕೆಸರು, ಮೀನನ್ನು ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಪರೀಕ್ಷಿಸಲಿ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಲಿ.

4. 120 ಮೈಕ್ರಾನಿಗಿಂತ ತೆಳು ಪ್ಲಾಸ್ಟಿಕ್ ಕೈಚೀಲ ದೇಶದಾದ್ಯಂತ 2022ರ ಡಿಸೆಂಬರ್ 31ರಿಂದ ನಿಷಿದ್ಧ. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಗೆ ದಂಡ ಹಾಕುವ ಮೊದಲು ಸಗಟು ಗೋದಾಮಿಗೆ ಬೀಗ ಹಾಕಿ.

5. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳ ಚರಂಡಿ ಹಳ್ಳ ಸೇರುವಲ್ಲಿ ಜಾಲರಿ ಹಾಕಿ, ಸಿಕ್ಕ ಕಸವನ್ನು ವಾರವಾರ ತೆಗೆಯಿರಿ.

6. ಪುಣೆಯ ಮುಳಾ-ಮುಠಾ ನದಿಯ ನೀರು ಉಜನಿ ಜಲಾಶಯ ದಾಟಿ ನಮಗೇ ಬರುತ್ತದೆ. ರಾಜ್ಯ ಸರ್ಕಾರ ಮಹಾರಾಷ್ಟ್ರದೊಂದಿಗೆ ಈ ಮಾತೆತ್ತಲಿ. ಆದರೆ ಮೇಲಿನವರ ಕೊಳೆಯ ನೆಪ ಹೇಳಿ ಇಲ್ಲಿನ ಕೆಲಸ ನಿಲ್ಲಿಸಕೂಡದು.

ಬರುವ ಮುಂಗಾರಿಗೆ ಮುನ್ನ ಮೂರೂ ತಾಲ್ಲೂಕುಗಳ ತಹಶೀಲ್ದಾರರು, ಮೀನುಗಾರರು, ರೈತರು ಕೂಡಿದ ಸಭೆ ಕರೆದು, ಯಾವ ಕೆಲಸ ಯಾರದು, ಎಂದಿಗೆ ಮುಗಿಯುತ್ತದೆ ಎಂದು ಲಿಖಿತವಾಗಿ ಕೊಡಬೇಕು.

ಇಂತಿ,
ಭೀಮಾ, ಅಮರ್ಜಾ ದಂಡೆಯ ನಿವಾಸಿಗಳು