ಆನ್‌ಲೈನ್ ಹೊಸ ಪರದೆಯಾಗದಿರಲಿ

ಸಮುದಾಯದ ಸಭೆಗಳು, ಕುರ್‌ಆನ್ ತರಗತಿಗಳು, ಮಕ್ಕಳ ಟ್ಯೂಷನ್‌ಗಳು ಝೂಮ್ ಮತ್ತು ಗೂಗಲ್ ಮೀಟ್‌ನ ಮೊರೆ ಹೊಕ್ಕದ್ದು 2020ರ ಲಾಕ್‌ಡೌನ್‌ನಲ್ಲಿ. ಅನಿವಾರ್ಯತೆಯಿಂದ ಆರಂಭವಾದ ಆ ಪ್ರಯೋಗವನ್ನು ಈಗ ನಾವು ಸಾಧನೆಯೆಂದು ಬಣ್ಣಿಸತೊಡಗಿದ್ದೇವೆ. ಅಷ್ಟಕ್ಕೂ ಸಾಧಿಸಿದ್ದೇನು? ಪರಸ್ಪರ ಮಾತಾಡಲಿಕ್ಕೆಂದೇ ಇರುವ ಸಾಧನದಲ್ಲಿ ಒಬ್ಬರು ಭಾಷಣ ಮಾಡುತ್ತಾರೆ, ಉಳಿದವರ ಧ್ವನಿಯನ್ನು ಮ್ಯೂಟ್ ಮಾಡಲಾಗುತ್ತದೆ. ಝೂಮ್‌ನ ಉಚಿತ ಸಭೆಗೆ 40 ನಿಮಿಷಗಳ ಮಿತಿಯಿದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆಗಳಲ್ಲೇ ಅದು ಮುಗಿದುಹೋಗುತ್ತದೆ!

ದೂರದಿಂದ ಕಲಿಸುವ ಪ್ರಯೋಗ ಕರ್ನಾಟಕಕ್ಕೆ ಹೊಸತಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿತು. ಆದರೆ ಅದು ತಲುಪಿದ್ದು ಶಾಲೆಯ ಕೋಣೆಗೆ. ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಲಿಕ್ಕಲ್ಲ. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದಾಗಲೂ ವಿದ್ಯಾಗಮ ಯೋಜನೆಯಡಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು.

ಈಗ ಬಳಗಾನೂರಿನಂಥ ಪುಟ್ಟ ಪಟ್ಟಣವನ್ನು ನೋಡೋಣ. ಉನ್ನತ ಶಿಕ್ಷಣಕ್ಕೆ ಸಿಂಧನೂರು, ಲಿಂಗಸುಗೂರು, ರಾಯಚೂರಿನತ್ತ ಮುಖ ಮಾಡಬೇಕಾದ ಊರು ಇದು. ಇಂಥ ಊರುಗಳಲ್ಲಿ ಹೆಣ್ಣು ಮಕ್ಕಳ ಓದು ಎಲ್ಲಿ ನಿಲ್ಲುತ್ತದೆಂಬುದು ನಮಗೆ ಗೊತ್ತು. 'ಬಸ್ಸಿನ ಓಡಾಟವೇಕೆ, ಮೊಬೈಲ್‌ನಲ್ಲೇ ಓದಲಿ' ಎಂಬ ಮಾತು ಈಗ ಹಿರಿಯರಿಗೆ ಅನುಕೂಲವಾಗಿ ಒದಗಿದೆ. ಆದರೆ ಆ ಮೊಬೈಲ್ ಯಾರ ಕೈಯಲ್ಲಿದೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ರಾಜ್ಯದ ಪುರುಷರಲ್ಲಿ ಶೇ. 62ರಷ್ಟು, ಮಹಿಳೆಯರಲ್ಲಿ ಶೇ. 35 ಮಾತ್ರ. ಅಣ್ಣನಿಗೆ ಸ್ವಂತ ಫೋನ್, ತಂಗಿಗೆ ಅಬ್ಬಾ ಮನೆಗೆ ಬಂದ ಬಳಿಕ ಅರ್ಧ ಗಂಟೆ. ಅದೂ ಯಾರಾದರೊಬ್ಬರ ಕಣ್ಗಾವಲಿನಲ್ಲಿ. ಇದನ್ನು ಆನ್‌ಲೈನ್ ಶಿಕ್ಷಣ ಎನ್ನುವುದು ಆತ್ಮವಂಚನೆಯಲ್ಲವೇ?

2022ರ ಆರಂಭದಲ್ಲಿ ಉಡುಪಿಯ ಹಿಜಾಬ್‌ಧಾರಿ ವಿದ್ಯಾರ್ಥಿನಿಯರ ಮುಂದೆಯೂ ಆನ್‌ಲೈನ್ ತರಗತಿಯ ಸಲಹೆ ಇಡಲಾಗಿತ್ತು. ತರಗತಿಯ ಬೆಂಚು ನಮ್ಮ ಹಕ್ಕು, ಮನೆಯ ಮೂಲೆ ಅದಕ್ಕೆ ಬದಲಿಯಲ್ಲ ಎಂದು ಸಮುದಾಯ ಅಂದು ವಾದಿಸಿತು. ಸರಿಯಾದ ವಾದವದು. ಅದೇ ಮೂಲೆಯನ್ನು ನಾವೇ ನಮ್ಮ ಮಗಳಿಗೆ ತೋರಿಸಿದರೆ ಆ ವಾದಕ್ಕೆ ಉಳಿಯುವ ಬೆಲೆಯೇನು?

ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ಊರಿನಲ್ಲಿ ಗಣಿತಕ್ಕೋ ಇಂಗ್ಲಿಷ್‌ಗೋ ಶಿಕ್ಷಕಿಯಿಲ್ಲದಿದ್ದರೆ ಬೆಂಗಳೂರಿನ ಶಿಕ್ಷಕಿ ಸಂಜೆ ಪಾಠ ಮಾಡಲಿ. ಮಸೀದಿ ಸಮಿತಿಗಳು ತಮ್ಮ ಸಭಾಂಗಣದಲ್ಲೊಂದು ದೊಡ್ಡ ಪರದೆ, ಒಂದು ಇಂಟರ್‌ನೆಟ್ ಸಂಪರ್ಕ ಒದಗಿಸಿ, ದಿನಕ್ಕೆರಡು ತಾಸು ವಿದ್ಯಾರ್ಥಿನಿಯರಿಗೆಂದೇ ಬಿಟ್ಟುಕೊಡಲಿ. ಅವರು ಪ್ರಶ್ನೆ ಕೇಳುವಂತಾಗಲಿ. ಸಮಿತಿಯ ಆನ್‌ಲೈನ್ ಸಭೆಗಳ ಲಿಂಕ್ ಮಹಿಳೆಯರಿಗೂ ತಲುಪಲಿ. ಕೇಳುಗರಾಗಿ ಮಾತ್ರವಲ್ಲ, ಮಾತಾಡುವವರಾಗಿ.

ಇವೆಲ್ಲ ಕಾಲೇಜು ಮುಗಿಸಿ ಬಂದ ಮೇಲಿನ ಸಂಜೆಗೆ. ಬೆಳಗಿನ ಬಸ್ಸು ತಪ್ಪಬಾರದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಆಕೆ ಟಿಕೆಟಿನ ಹಣವನ್ನೂ ಕೊಡಬೇಕಿಲ್ಲ.