ಟಿ.ಸಿ.ಯೂ ಉಸಿರಾಡುತ್ತದೆ

ಹೊಳೆನರಸೀಪುರದ ಗದ್ದೆ ಬಯಲಿನಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳ ಅಂಚಿನಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳ ನಡುವೆ ಕಂಬಗಳ ಮೇಲೆ ಕುಳಿತ ಟ್ರಾನ್ಸ್‌ಫಾರ್ಮರನ್ನು ನೀವು ನೋಡಿಯೇ ಇರುತ್ತೀರಿ. ಊರಿನವರ ಬಾಯಲ್ಲಿ ಅದು ‘ಟಿ.ಸಿ.’. ಬೇಸಿಗೆಯಲ್ಲಿ ಅದು ಸುಟ್ಟರೆ ಪಂಪ್‌ಸೆಟ್ ನಿಂತು ಪೈರು ಬಾಡುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಮೇಣದಬತ್ತಿ ಹುಡುಕಬೇಕಾಗುತ್ತದೆ. ಸುಡುವ ಮೊದಲೇ ಅದರ ಸ್ಥಿತಿ ತಿಳಿಯಲು ಬಂದೀತೆ?

ಬಹುಮಟ್ಟಿಗೆ ಬರುತ್ತದೆ. ಟಿ.ಸಿ.ಯೊಳಗಿನ ತಂತಿಯ ಸುರುಳಿಗಳು 11,000 ವೋಲ್ಟ್ ವಿದ್ಯುತ್ತನ್ನು ಸುಮಾರು 400 ವೋಲ್ಟಿಗೆ ಇಳಿಸುತ್ತವೆ. ಒಂದು ಸುರುಳಿಯಿಂದ ಇನ್ನೊಂದಕ್ಕೆ, ಅಥವಾ ಹೊರಗಿನ ಲೋಹದ ತೊಟ್ಟಿಗೆ ವಿದ್ಯುತ್ ಹಾಯದಂತೆ ತಡೆಯುವುದು ಕಾಗದ ಮತ್ತು ಎಣ್ಣೆ. ಇದೇ ಇನ್ಸುಲೇಷನ್. ಇದರ ದೊಡ್ಡ ಶತ್ರು ತೇವ.

ಹೊರೆ ಹೆಚ್ಚಿದಾಗ ಎಣ್ಣೆ ಕಾದು ಹಿಗ್ಗಿ ಗಾಳಿಯನ್ನು ಹೊರದಬ್ಬುತ್ತದೆ. ತಣಿದಾಗ ಕುಗ್ಗಿ ಒಳಗೆಳೆಯುತ್ತದೆ. ಈ ಉಸಿರಿನ ದಾರಿಯಲ್ಲಿ ಪುಟ್ಟ ಬಟ್ಟಲೊಂದರಲ್ಲಿ ಸಿಲಿಕಾ ಜೆಲ್ ಹರಳುಗಳಿರುತ್ತವೆ. ನೀಲಿ ಹರಳು ನಸುಗೆಂಪಾದರೆ ಅದು ತೇವ ಹೀರಿ ತಣಿದಿದೆ, ಬದಲಾಯಿಸಬೇಕು ಎಂದರ್ಥ.

ಒಳಗಿನ ಸ್ಥಿತಿ ತಿಳಿಯಲು ಮೆಗ್ಗರ್ ಬೇಕು. ವಿದ್ಯುತ್ ಕಡಿದು, ಎರಡೂ ಕಡೆಯ ತಂತಿ ಬಿಡಿಸಿದ ಮೇಲೆ ಈ ಉಪಕರಣದಿಂದ 2,500 ವೋಲ್ಟ್ ಹಾಯಿಸಿ, ಒಂದು ನಿಮಿಷದ ನಂತರ ರೋಧವನ್ನು ಓದುತ್ತಾರೆ. ಅದು 500 ಮೆಗಾಓಮ್ ಬಂತೆನ್ನಿ. ಶಾಲೆಯಲ್ಲಿ ಕಲಿತ ಓಮ್‌ನ ನಿಯಮದಂತೆ ಲೆಕ್ಕ ಹಾಕಿ: ಸೋರಿದ ವಿದ್ಯುತ್ ಬರೀ 5 ಮೈಕ್ರೋಆಂಪಿಯರ್!

ಎಣ್ಣೆಗೆ ಬೇರೆ ಪರೀಕ್ಷೆ. ಮಾದರಿಯನ್ನು ಬಟ್ಟಲಿಗೆ ಸುರಿದು, 2.5 ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರುವವರೆಗೆ ವೋಲ್ಟೇಜ್ ಏರಿಸುತ್ತಾರೆ. ಒಳ್ಳೆಯ ಎಣ್ಣೆ 30,000 ವೋಲ್ಟಿಗೂ ಜಗ್ಗುವುದಿಲ್ಲ. ತೇವವೋ ಕಸವೋ ಸೇರಿದ ಎಣ್ಣೆ ಬೇಗ ಸೋಲುತ್ತದೆ. ಅಂಥ ಎಣ್ಣೆಯನ್ನು ಸೋಸಿ, ತೇವ ತೆಗೆದು ಮತ್ತೆ ಬಳಸಬಹುದು.

ಆದರೆ ಒಂದೇ ಅಂಕಿ ನೋಡಿ ತೀರ್ಪು ಕೊಡುವಂತಿಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ರೋಧ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಬೆಳಗಿನ ತಂಪಿನಲ್ಲಿ 400 ಬಂದದ್ದು ಮಧ್ಯಾಹ್ನ 200 ಬಂದರೆ ಟಿ.ಸಿ. ಕೆಟ್ಟಿದೆ ಎಂದಲ್ಲ. ಉಷ್ಣಾಂಶವನ್ನೂ ಬರೆದಿಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗಲೇ ಇಳಿಮುಖ ಗೊತ್ತಾಗುವುದು. ಮಕ್ಕಳ ಅಂಕಪಟ್ಟಿ ನೋಡುವ ತಂದೆತಾಯಿಗಳಿಗೂ ಈ ಮಾತು ಒಪ್ಪುತ್ತದೆ!

ಈ ಪರೀಕ್ಷೆಗಳೆಲ್ಲ ತರಬೇತಾದವರ ಕೆಲಸ. ಮೆಗ್ಗರ್ ತೆಗೆದ ಮೇಲೂ ಸುರುಳಿಯಲ್ಲಿ ವಿದ್ಯುತ್ ಉಳಿದಿರುತ್ತದೆ. ಅದನ್ನು ನೆಲಕ್ಕೆ ಹರಿಸದೆ ಮುಟ್ಟಿದರೆ ಅಪಾಯ. ಮಕ್ಕಳು ಬೇಲಿಯ ಹೊರಗೇ ನಿಲ್ಲಲಿ. ಎಣ್ಣೆ ಸೋರುವುದೋ ಹರಳಿನ ಬಣ್ಣ ಬದಲಾದದ್ದೋ ಕಣ್ಣಿಗೆ ಬಿದ್ದರೆ ಮನೆಯ ಹಿರಿಯರು ಲೈನ್‌ಮನ್‌ಗೆ ಹೇಳಬಹುದು, ಇಲ್ಲವೇ ಹಾಸನ ಜಿಲ್ಲೆಗೆ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಂಖ್ಯೆಗೆ ಕರೆ ಮಾಡಬಹುದು. ಸುಟ್ಟ ಮೇಲೆ ಓಡಾಡುವುದಕ್ಕಿಂತ ಮೊದಲೇ ಕಂಡು ಹೇಳುವುದು ಮೇಲು.