ಕೌಜುಗಕ್ಕೆ ಎಷ್ಟನೆಯ ನಂಬರು?



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ಬೇಟೆಯ ಪರವಾನಗಿ ಪಡೆದಿದ್ದಾನೆ. ‘ಸರ್, ದೇವಸುಗೂರಿನ ಹೊಲಗಳಲ್ಲಿ ನಮ್ಮಜ್ಜ ಕೌಜುಗಕ್ಕೆ ನಾಲ್ಕನೆಯ ನಂಬರಿನ ಛರ್ರಾ ಹೊಡೆಯುತ್ತಿದ್ದರು. ಅದೇ ಸರಿಯಲ್ಲವೇ?’ ಎಂದು ಬರೆದಿದ್ದಾನೆ. ಸರಿಯಲ್ಲ. ಅಜ್ಜನ ಮೇಲಿನ ಗೌರವ ಬೇರೆ, ಲೆಕ್ಕ ಬೇರೆ. ನಾನು ಬಂದೂಕು ಹಿಡಿದವನಲ್ಲ, ಗಣಿತ ಕಲಿಸಿದವನು.

ನಂಬರು ಏರಿದಂತೆ ಛರ್ರಾ ಸಣ್ಣದಾಗುತ್ತದೆ. ಇಂಗ್ಲಿಷ್ ಅಳತೆಯಲ್ಲಿ ಒಂದು ಔನ್ಸ್ ಸೀಸಕ್ಕೆ ನಾಲ್ಕನೆಯ ನಂಬರಿನ ಗುಂಡು 170, ಆರನೆಯದು 270, ಎಂಟನೆಯದು 450. ಕಡಿಮೆ ಚೋಕಿನ ನಳಿಗೆಯಿಂದ ಹಾರಿಸಿದರೆ 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತದೊಳಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಅಂದರೆ ನಾಲ್ಕನೆಯ ನಂಬರಿನಲ್ಲಿ 85, ಎಂಟು ಚದರ ಅಂಗುಲಕ್ಕೆ ಒಂದು! ಕಾಲು ಕಿಲೊ ತೂಗುವ ಕೌಜುಗದ ತಲೆಗೂ ಎದೆಗೂ ಒಂದೂ ತಾಗದೆ ರೆಕ್ಕೆಗೊಂದು ತಾಗುತ್ತದೆ. ಹಕ್ಕಿ ಜಾಲಿಯ ಕಂಟಿಯೊಳಗೆ ನುಸುಳಿ ನರಳಿ ಸಾಯುತ್ತದೆ. ‘ತಪ್ಪಿತು’ ಎಂದು ಬೇಟೆಗಾರ ಮುಂದೆ ನಡೆಯುತ್ತಾನೆ.

ಹಾಗಾದರೆ ಎಂಟು? ಗುಂಡುಗಳು ದಟ್ಟವಾಗಿಯೇನೋ ಬೀಳುತ್ತವೆ. ಆದರೆ ಒಂದೊಂದರ ತೂಕ ನಾಲ್ಕನೆಯದರ ಐದರಲ್ಲಿ ಎರಡು ಪಾಲಿಗೂ ಕಡಿಮೆ. ದೂರಕ್ಕೆ ಹೋದಂತೆ ಬೇಗ ಬಲಗುಂದಿ ಚರ್ಮ ಚುಚ್ಚಿ ನಿಂತುಬಿಡುತ್ತದೆ. ಅದು ಲಾವಕ್ಕಿಗೆ, ಅದೂ ಸಮೀಪದಿಂದ. ಕೌಜುಗಕ್ಕೆ ಆರು ಇಲ್ಲವೇ ಏಳು. 35 ಗಜ ಮೀರಿದರೆ ಬಂದೂಕು ಇಳಿಸಬೇಕು. ಇಳಿಸಲಾರದವನಿಗೆ ಯಾವ ನಂಬರೂ ಸರಿಯಲ್ಲ. ಅಮೆರಿಕದ ನಂಬರುಗಳೇ ಬೇರೆ ಎಂಬುದನ್ನೂ ಮರೆಯಬೇಡ, ಮಗು: ಅಲ್ಲಿಯ ಆರನೆಯದು ಔನ್ಸಿಗೆ 225, ಇಂಗ್ಲಿಷ್ ಏಳಕ್ಕೆ ಸಮೀಪವಾದುದು ಅಲ್ಲಿಯ ಏಳೂವರೆ. ಸೀಸ ಬಿಟ್ಟು ಉಕ್ಕಿನದನ್ನು ಕೊಳ್ಳುವೆಯಾದರೆ, ಅದು ಹಗುರವಾದ್ದರಿಂದ, ಎರಡು ನಂಬರು ದಪ್ಪನೆಯದು ಬೇಕು. ಕೊಳ್ಳುವುದು ಒಳ್ಳೆಯದು. ನೆಲಕ್ಕೆ ಬಿದ್ದ ಸೀಸವನ್ನು ಹರಳೆಂದು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತವೆ. ನೀರುಹಕ್ಕಿಗಳ ಬೇಟೆಗೆ ಸೀಸವನ್ನು ನಿನ್ನ ಅಮೆರಿಕವು 1991ರಲ್ಲಿ ದೇಶದಾದ್ಯಂತ ನಿಷೇಧಿಸಿತು.

ಅದೇ 1991ರಲ್ಲಿ ನಮ್ಮ ದೇಶವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತಿದ್ದಿ, ಮೋಜಿನ ಬೇಟೆಗೆ ಪರವಾನಗಿ ಕೊಡುವುದನ್ನೇ ಕೊನೆಗೊಳಿಸಿತು. ಆದುದರಿಂದ ಈ ಲೆಕ್ಕ ಊರಲ್ಲಿರುವ ನಿಮಗಲ್ಲ, ಬಂಧುಗಳೇ. ಮದುವೆಯ ಪಂಕ್ತಿಯಲ್ಲಿ ಕುಳಿತು ಆರೋ ಎಂಟೋ ಎಂದು ವಾದಿಸುವವರನ್ನು ಕಂಡಿದ್ದೇನೆ. ನಂಬರು ಬಲ್ಲವನೇ ಧರ್ಮಬೇಟೆಗಾರನೆಂಬ ಠೀವಿ ಬೇರೆ! ಕೇಳಿದರೆ ‘ಹಂದಿ ಕಾಯಲು, ಬೆಳೆ ರಕ್ಷಣೆಗೆ ಇಟ್ಟ ಬಂದೂಕು’ ಎನ್ನುತ್ತಾರೆ. ಆರನೆಯ ನಂಬರಿನ ಛರ್ರಾ ಹಿಡಿದು ಕಾಡುಹಂದಿಯನ್ನು ತಡೆದವನು ಯಾರು? ತೋಟಾದ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ಪೊಲೀಸರೂ ಓದಬಲ್ಲರು.